ಫಸ್ಟ್ ಲೆಗೊ ಲೀಗ್ ಚಾಲೆಂಜ್: ಅಂಕ ಯಾರಿಗೆ, ಕಪ್ ಯಾರಿಗೆ?

ಮಕ್ಕಳು ಲೆಗೊ ತುಂಡುಗಳಿಂದ ರೋಬೋಟ್ ಕಟ್ಟಿ ಓಡಿಸುವ ಈ ಸ್ಪರ್ಧೆಯ ಫಲಿತಾಂಶ ಬಂದ ಸಂಜೆ ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಟೇಬಲ್ ಮೇಲೆ ಎಲ್ಲರಿಗಿಂತ ಜಾಸ್ತಿ ಅಂಕ ತೆಗೆದ ತಂಡ ಮುಂದಿನ ಹಂತಕ್ಕೆ ಯಾಕೆ ಹೋಗಲಿಲ್ಲ?’ ಏನೋ ಮೋಸ ಆಗಿದೆ ಅನ್ನುವವರೂ ಇರುತ್ತಾರೆ. ಬಹಳ ಸಲ ಮೋಸವೇನೂ ಆಗಿರುವುದಿಲ್ಲ. ಈ ಸ್ಪರ್ಧೆ ಏನನ್ನು ಅಳೆಯುತ್ತದೆ ಎಂಬುದನ್ನು ಫೀಸು ಕಟ್ಟುವ ಮುನ್ನ ಯಾರೂ ಓದಿರುವುದಿಲ್ಲ, ಅಷ್ಟೇ. ಹಾಗಾಗಿ ಕಿಟ್ ಚೆನ್ನಾಗಿದೆಯೇ, ಮಕ್ಕಳಿಗೆ ಮಜಾ ಬರುತ್ತದೆಯೇ ಎಂಬುದನ್ನು ಬದಿಗಿಟ್ಟು, ದುಡಿದವರಿಗೆ ದುಡಿದಷ್ಟು ಮನ್ನಣೆ ಸಿಗುತ್ತದೆಯೇ ಎಂಬುದನ್ನಷ್ಟೇ ಇಲ್ಲಿ ನೋಡೋಣ.

ಅಮೆರಿಕದ ಫಸ್ಟ್ ಸಂಸ್ಥೆಯೂ ಲೆಗೊ ಕಂಪನಿಯೂ ಸೇರಿ 1998ರಲ್ಲಿ ಶುರುಮಾಡಿದ ಲೀಗ್ ಇದು. ಇದರ ಚಾಲೆಂಜ್ ವಿಭಾಗಕ್ಕೆ ನಮ್ಮ ದೇಶದಲ್ಲಿ 9ರಿಂದ 16 ವರ್ಷದವರು ಸೇರಬಹುದು. ತಂಡದಲ್ಲಿ ಕನಿಷ್ಠ 2, ಗರಿಷ್ಠ 10 ಮಕ್ಕಳು. ಅತಿ ದೊಡ್ಡ ಮನ್ನಣೆಯಾದ ಚಾಂಪಿಯನ್ಸ್ ಅವಾರ್ಡ್‌ಗೆ ನಾಲ್ಕು ಬಾಬತ್ತು: ರೋಬೋಟ್ ಗೇಮ್ (ಮ್ಯಾಟ್ ಹಾಸಿದ ಟೇಬಲ್ ಮೇಲೆ ರೋಬೋಟ್ ತಾನೇ ಓಡಿ, ಅಲ್ಲಿಟ್ಟ ಲೆಗೊ ಮಾಡೆಲ್‌ಗಳಲ್ಲಿ ಮಿಷನ್ ಎಂಬ ಕೆಲಸಗಳನ್ನು ಮಾಡುವುದು), ರೋಬೋಟ್ ಡಿಸೈನ್, ಇನ್ನೊವೇಶನ್ ಪ್ರಾಜೆಕ್ಟ್ (ಒಂದು ಸಮಸ್ಯೆಗೆ ತಂಡ ಹುಡುಕುವ ಪರಿಹಾರ), ಕೋರ್ ವ್ಯಾಲ್ಯೂಸ್ (ತಂಡದ ನಡವಳಿಕೆ). ನಾಲ್ಕಕ್ಕೂ ತಲಾ ಶೇ. 25 ತೂಕ. ಮುಂದಿನ ಹಂತಕ್ಕೆ ತಂಡಗಳನ್ನು ಆರಿಸುವುದೂ ಸಾಮಾನ್ಯವಾಗಿ ಈ ಒಟ್ಟು ಲೆಕ್ಕದ ಮೇಲೆಯೇ. ಅಂದರೆ ಪೋಷಕರು ಮೊಬೈಲ್ ಹಿಡಿದು ನಿಂತು ಕೂಗುವ ಆ ಟೇಬಲ್‌ಗೆ ಸಿಗುವುದು ಕಾಲು ಪಾಲು. ಉಳಿದದ್ದರ ಬಹುಭಾಗ ತೀರ್ಮಾನವಾಗುವುದು ಪಕ್ಕದ ಕೊಠಡಿಯಲ್ಲಿ, ಅವರ ಕಣ್ಣಿಗೆ ಬೀಳದ ಕಡೆ. ವಾಟ್ಸ್ಆ್ಯಪ್ ಪ್ರಶ್ನೆಗೆ ಉತ್ತರ ಇಷ್ಟೇ.

ಮೊದಲು ಟೇಬಲ್. ಈ ಭಾಗ ನಿಜಕ್ಕೂ ಅಚ್ಚುಕಟ್ಟು. ಪಂದ್ಯ ಎರಡೂವರೆ ನಿಮಿಷ, ಅಧಿಕೃತ ಸುತ್ತು ಮೂರು, ಮೂರರಲ್ಲಿ ಅತ್ಯುತ್ತಮವಾದದ್ದು ಮಾತ್ರ ಲೆಕ್ಕಕ್ಕೆ. ಸಮ ಬಂದರೆ ಎರಡನೇ ಅತ್ಯುತ್ತಮ ಸುತ್ತು, ಅದೂ ಸಮವಾದರೆ ಮೂರನೆಯದು. ಒಂದು ಸುತ್ತಿನಲ್ಲಿ ರೋಬೋಟ್ ತಿಪ್ಪರಲಾಗ ಹಾಕಿದರೂ ಸ್ಪರ್ಧೆ ಅಲ್ಲಿಗೇ ಮುಗಿಯುವುದಿಲ್ಲ. ಪಂದ್ಯಕ್ಕೆ ಮುಂಚಿನ ತಪಾಸಣೆಯಲ್ಲಿ ರೋಬೋಟ್ ಮತ್ತು ಎಲ್ಲ ಅಟ್ಯಾಚ್‌ಮೆಂಟ್‌ಗಳು (ಅದಕ್ಕೆ ಸಿಕ್ಕಿಸುವ ತೋಳು, ಕೊಕ್ಕೆ ಮುಂತಾದವು) ಒಂದೇ ಲಾಂಚ್ ಏರಿಯಾದೊಳಗೆ (ಗಾಡಿ ಹೊರಡುವ ಜಾಗ), 305 ಮಿ.ಮೀ. ಎತ್ತರದೊಳಗೆ ಹಿಡಿಸಿದರೆ 20 ಅಂಕ ಗಾಡಿ ಕದಲುವ ಮುನ್ನವೇ ಬಂತು. ಈ 20 ಕಳೆದುಕೊಳ್ಳುವ ತಂಡಗಳು ಸಾಮಾನ್ಯವಾಗಿ ಒಂದೊಂದು ಮಿಷನ್‌ಗೂ ಒಂದೊಂದು ದೊಡ್ಡ ಅಟ್ಯಾಚ್‌ಮೆಂಟ್ ಕಟ್ಟಿಕೊಂಡು ಬಂದವು.

ಪ್ರಿಸಿಷನ್ ಟೋಕನ್ ಲೆಕ್ಕ ಗೊತ್ತಿರದೆ ಅಂಕ ಬಿಟ್ಟುಕೊಡುವವರು ಇನ್ನೂ ಹೆಚ್ಚು. ಆರು ಟೋಕನ್ ಇರುತ್ತವೆ. ಹೋಮ್‌ನ (ಮಕ್ಕಳು ಗಾಡಿಯನ್ನು ಮುಟ್ಟಬಹುದಾದ ಜಾಗ) ಹೊರಗಿರುವ ರೋಬೋಟನ್ನು ಕೈಯಿಂದ ಮುಟ್ಟಿ ತಂದರೆ ಒಂದು ಹೋಯಿತು. ಕೊನೆಗೆ 6 ಉಳಿದರೂ 50 ಅಂಕ, 5 ಉಳಿದರೂ 50. ನಾಲ್ಕಕ್ಕೆ 35, ಮೂರಕ್ಕೆ 25, ಎರಡಕ್ಕೆ 15, ಒಂದಕ್ಕೆ 10. ಹಾಗಾಗಿ ಮೊದಲ ಸಲ ಕೈ ಹಾಕುವುದು ಪುಕ್ಕಟೆ. ಎರಡನೇ ಸಲಕ್ಕೆ 15 ಅಂಕದ ದಂಡ, ಅದೇ ಎಲ್ಲಕ್ಕಿಂತ ದುಬಾರಿ. ಗಾಡಿ ಯಾವುದೋ ಮಾಡೆಲ್‌ಗೆ ಸಿಕ್ಕಿಕೊಂಡು ಚಕ್ರ ತಿರುಗುತ್ತ ನಿಂತಾಗ ‘ಟೋಕನ್ ಹೋಗುತ್ತೆ, ಮುಟ್ಟಬೇಡ’ ಎಂದು ಹತ್ತು ಸೆಕೆಂಡ್ ಕಳೆಯುವ ತಂಡ ಪುಕ್ಕಟೆ ಇದ್ದದ್ದನ್ನು ಬಳಸದೆ ಸಮಯ ಸುಟ್ಟಂತೆ. ಟೇಬಲ್ ಹತ್ತಿರ ನಿಲ್ಲುವ ಮಕ್ಕಳಿಗೆ ಈ ಐದು ಸಂಖ್ಯೆ ಬಾಯಿಪಾಠ ಇರಬೇಕು.

ರೆಫರಿ ವಿಷಯದಲ್ಲಿ ನಿಯಮ ಮಕ್ಕಳ ಪರವಾಗಿದೆ. ಕೂದಲೆಳೆಯ ಅಂತರದ ಅನುಮಾನ ಬಂದರೆ ಅದರ ಲಾಭ ತಂಡಕ್ಕೇ. ಪಂದ್ಯ ಮುಗಿದ ಮೇಲೆ ರೆಫರಿ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಒಂದೊಂದು ಮಿಷನ್ ನೋಡಿ ಅಂಕ ತುಂಬುತ್ತಾರೆ. ತಂಡ ಒಪ್ಪಿದ ಮೇಲೆ ಅದು ಅಂತಿಮ. ತಕರಾರು ಇದ್ದರೆ ಮಾಡೆಲ್‌ಗಳನ್ನು ಎತ್ತಿ ಮೊದಲಿನ ಜಾಗಕ್ಕೆ ಇಡುವ ಮುನ್ನವೇ ಹೇಳಬೇಕು, ಹೇಳಬೇಕಾದದ್ದು ಮಕ್ಕಳು, ಕೋಚ್ ಅಲ್ಲ. ಸಂಕೋಚದಿಂದ ‘ಹೂಂ ಸರ್’ ಅಂದುಬಿಟ್ಟು, ಆಮೇಲೆ ಗ್ಯಾಲರಿಗೆ ಬಂದು ‘ಆ ಲಿವರ್ ಪೂರ್ತಿ ಬಿದ್ದಿತ್ತು’ ಅಂದರೆ ಪ್ರಯೋಜನವಿಲ್ಲ. ಅಭ್ಯಾಸದಲ್ಲಿ ಒಬ್ಬರನ್ನು ರೆಫರಿ ಮಾಡಿ, ಬೇಕೆಂದೇ ತಪ್ಪು ಅಂಕ ಬರೆಸಿ, ಮಕ್ಕಳು ನಿಯಮದ ಸಾಲು ತೋರಿಸಿ ಮರ್ಯಾದೆಯಾಗಿ ಕೇಳುವುದನ್ನು ಕಲಿಸಿ. ಜೊತೆಗೆ, ಸೀಸನ್ ನಡುವೆ ಬರುವ ಚಾಲೆಂಜ್ ಅಪ್‌ಡೇಟ್‌ಗಳು ರೂಲ್‌ಬುಕ್‌ಗಿಂತ ಮೇಲು. ಆಗಸ್ಟ್‌ನಲ್ಲಿ ಪ್ರಿಂಟ್ ತೆಗೆದ ಪುಸ್ತಕ ಹಿಡಿದು ಡಿಸೆಂಬರ್‌ನಲ್ಲಿ ವಾದಿಸಿದರೆ ಸೋಲು ಖಚಿತ.

ಎಲ್ಲರಿಗೂ ಒಂದೇ ಮ್ಯಾಟ್, ಒಂದೇ ಮಾಡೆಲ್ ಅನ್ನುವುದು ನಿಜ. ಆದರೆ ಶಾಲೆಯ ಅಭ್ಯಾಸದ ಟೇಬಲ್ ಸ್ಪರ್ಧೆಯ ಟೇಬಲ್‌ನಂತೆ ಇರುವುದಿಲ್ಲ, ಮಕ್ಕಳ ಕೈಮೀರಿ ಅಂಕ ಹೋಗುವುದು ಬಹಳಷ್ಟು ಇಲ್ಲೇ. ಟೇಬಲ್‌ನ ಒಳ ಅಳತೆ 2362 × 1143 ಮಿ.ಮೀ. ಇರಬೇಕು. ನಮ್ಮ ಟಿಂಬರ್ ಅಂಗಡಿಯಲ್ಲಿ ಸಿಗುವ 8×4 ಅಡಿ ಪ್ಲೈವುಡ್ ಹಾಳೆ ಸುಮಾರು 2440 × 1220. ಬಡಗಿ ಅಂಚಿಗೆ ಸರಿಯಾಗಿ 18 ಮಿ.ಮೀ. ಪ್ಲೈ ಪಟ್ಟಿಯನ್ನೇ ಗೋಡೆಯಾಗಿ ಹೊಡೆದುಕೊಟ್ಟರೆ ಒಳಗೆ ಉಳಿಯುವುದು 2404 × 1184, ಉದ್ದ, ಅಗಲ ಎರಡರಲ್ಲೂ ಸುಮಾರು 4 ಸೆಂ.ಮೀ. ಜಾಸ್ತಿ. ಮ್ಯಾಟನ್ನು ದಕ್ಷಿಣ ಗೋಡೆಗೆ ತಾಗಿಸಿ, ಪೂರ್ವ-ಪಶ್ಚಿಮಕ್ಕೆ ನಡುಮಧ್ಯೆ ಹಾಸುವುದು ಕ್ರಮ. ಹಾಗೆ ಹಾಸಿದಾಗ ಎಡಕ್ಕೂ ಬಲಕ್ಕೂ ತಲಾ 2 ಸೆಂ.ಮೀ., ಉತ್ತರಕ್ಕೆ 4 ಸೆಂ.ಮೀ. ಹೆಚ್ಚಿನ ಸಂದಿ ಬೀಳುತ್ತದೆ. ಹಿಂಭಾಗವನ್ನು ಗೋಡೆಗೆ ಒತ್ತಿ ನೇರ ಮಾಡಿಕೊಂಡು ಅಲ್ಲಿಂದ ದೂರ ಅಳೆಯುವ ಪ್ರೋಗ್ರಾಂ ಶಾಲೆಯಲ್ಲಿ ಹತ್ತಕ್ಕೆ ಹತ್ತು ಸರಿ ಓಡಿ, ಸ್ಪರ್ಧೆಯ ದಿನ ಪ್ರತಿ ಸಲವೂ ಅಷ್ಟೇ ಅಂತರದಲ್ಲಿ ತಪ್ಪುತ್ತದೆ. ಪರಿಹಾರ ಸುಲಭ: 38ರಿಂದ 39 ಮಿ.ಮೀ. ದಪ್ಪದ ಮರದ ಪಟ್ಟಿ ಹಾಕಿಸಿ, ಇಲ್ಲವೇ ಎರಡು ಪ್ಲೈ ಪಟ್ಟಿ ಜೋಡಿಸಿ ಉಳಿದ ಎರಡು-ಮೂರು ಮಿಲಿಮೀಟರನ್ನು ತೆಳು ಪಟ್ಟಿಯಿಂದ ತುಂಬಿಸಿ. ಬಡಗಿಗೆ ಹೊರ ಅಳತೆ ಕೊಡಬೇಡಿ. ಒಳ ಅಳತೆ ಬರೆದುಕೊಟ್ಟು ಟೇಪ್ ಹಿಡಿದು ಪಕ್ಕದಲ್ಲೇ ನಿಲ್ಲಿ.

ಬೆಳಕು ಇನ್ನೊಂದು ತಲೆನೋವು. ಕಲರ್ ಸೆನ್ಸರ್ ಮ್ಯಾಟ್‌ನಿಂದ ಒಂದು ಸೆಂಟಿಮೀಟರ್ ಆಸುಪಾಸಿನಲ್ಲಿರಲಿ, ಸುತ್ತ ಬೀಮ್‌ಗಳ ಮರೆ ಇರಲಿ. ಸ್ಪರ್ಧೆಯ ಸಭಾಂಗಣದ ಅಭ್ಯಾಸ ಟೇಬಲ್ ಮೇಲೆ ಮೊದಲು ಕಪ್ಪು ಗೆರೆ, ಬಿಳಿ ಜಾಗ ಎರಡರ ಪ್ರತಿಫಲನ ಅಳೆದು, ನಡುವಿನ ಸಂಖ್ಯೆಯನ್ನು ಹೊಸದಾಗಿ ಹಾಕಿಕೊಳ್ಳಬೇಕು. ಶಾಲೆಯಲ್ಲಿ ಬರೆದ 50 ಅನ್ನೇ ನಂಬಿದರೆ ಗಾಡಿ ಗೆರೆ ದಾಟಿ ಹೋಗುತ್ತಲೇ ಇರುತ್ತದೆ. ತಿರುವಿನ ಕೋನ ಅಳೆಯುವ ಗೈರೊ ಸೆನ್ಸರ್ ವಿಷಯದಲ್ಲಿ ಗಡಿಬಿಡಿಯೇ ಶತ್ರು: ಗಾಡಿಯನ್ನು ಇನ್ನೂ ಕೈಯಲ್ಲಿ ಹೊಂದಿಸುತ್ತಿರುವಾಗಲೇ ಬಟನ್ ಒತ್ತಿದರೆ ಸೊನ್ನೆ ಎಂದು ಹಿಡಿದ ಕೋನವೇ ವಾರೆ. ಗಾಡಿಯನ್ನು ನೇರ ಹೊಂದಿಸುವ ಜಿಗ್ ಎಂಬ ಚೌಕಟ್ಟಿಗೆ ತಾಗಿಸಿ, ಕೈ ಬಿಟ್ಟು, ಒಂದು ಸೆಕೆಂಡ್ ಬಿಟ್ಟು ಒತ್ತಬೇಕು.

ಇಲ್ಲೊಂದು ಸಮತೆಯ ವಿಷಯವೂ ಇದೆ. ಪಂದ್ಯದಲ್ಲಿ ನಾಲ್ಕು ಮೋಟರ್ ಬಳಸಬಹುದು: ಎರಡು ಚಕ್ರಕ್ಕೆ, ಎರಡು ಅಟ್ಯಾಚ್‌ಮೆಂಟ್‌ಗೆ. ಲೆಗೊದ ಸ್ಪೈಕ್ ಪ್ರೈಮ್ ಎಂಬ ರೋಬೋಟ್ ಕಿಟ್‌ನ ಮೂಲ ಸೆಟ್‌ನಲ್ಲಿ ಇರುವುದು ಮೂರು, ದೊಡ್ಡದು ಒಂದು, ಮಧ್ಯಮ ಎರಡು. ನಾಲ್ಕನೆಯದು, ಎರಡನೇ ಕಲರ್ ಸೆನ್ಸರ್, ದೊಡ್ಡ ಚಕ್ರಗಳು ಎಕ್ಸ್‌ಪ್ಯಾನ್ಶನ್ ಸೆಟ್‌ನಲ್ಲಿ. ಎರಡು ಕಲರ್ ಸೆನ್ಸರ್ ಇದ್ದರೆ ಗೆರೆಗೆ ಅಡ್ಡಲಾಗಿ ನೇರ ನಿಲ್ಲಿಸುವುದು ಸಲೀಸು. ಒಂದೇ ಇರುವ ತಂಡ ಅದಕ್ಕೆ ಗೋಡೆಯನ್ನೋ ಗೈರೊವನ್ನೋ ನೆಚ್ಚಬೇಕು. ರೂಲ್‌ಬುಕ್ ಎಲ್ಲರಿಗೂ ಒಂದೇ, ಪೆಟ್ಟಿಗೆ ಒಂದೇ ಅಲ್ಲ. ಇದನ್ನು ಸ್ವಲ್ಪ ತಗ್ಗಿಸುವ ದಾರಿ ಸಾಫ್ಟ್‌ವೇರ್‌ನಲ್ಲಿದೆ. ಯಾವ ಸಾಫ್ಟ್‌ವೇರ್ ಬೇಕಾದರೂ ಬಳಸಲು ನಿಯಮ ಬಿಡುತ್ತದೆ, ಪೈಬ್ರಿಕ್ಸ್ ಎಂಬುದರಲ್ಲಿ ಪೈಥಾನ್ ಕೋಡ್ ಬರೆಯುವುದು ಉಚಿತ. ಅದರ ಡ್ರೈವ್‌ಬೇಸ್‌ನಲ್ಲಿ (ಎರಡೂ ಚಕ್ರಗಳನ್ನು ಒಟ್ಟಿಗೆ ನಡೆಸುವ ಸೌಲಭ್ಯ) ಗೈರೊ ಆನ್ ಮಾಡಿದರೆ ನೇರ ಓಟ, ತಿರುವು ಎರಡೂ ಗಣನೀಯವಾಗಿ ಸುಧಾರಿಸುತ್ತವೆ. ಎಲ್ಲ ಓಟಗಳನ್ನೂ ಒಂದೇ ಪ್ರೋಗ್ರಾಂನ ಮೆನುವಿಗೆ ಹಾಕಿಟ್ಟರೆ ತಪ್ಪು ಪ್ರೋಗ್ರಾಂ ಒತ್ತುವ ಸಮಸ್ಯೆಯೂ ಕಡಿಮೆ. ಒಂದೇ ಎಚ್ಚರಿಕೆ: ಚಕ್ರದ ವ್ಯಾಸ, ಎರಡು ಚಕ್ರಗಳ ನಡುವಿನ ಅಂತರ ಇವನ್ನು ಕಿಟ್ ಮೇಲೆ ಬರೆದಂತೆ ಹಾಕಿ ಸುಮ್ಮನಾಗಬೇಡಿ. 56 ಮಿ.ಮೀ. ಚಕ್ರ ಒಂದು ಸುತ್ತಿಗೆ ಹತ್ತಿರಹತ್ತಿರ 17.6 ಸೆಂ.ಮೀ. ಹೋಗಬೇಕು. ಒಂದು ಮೀಟರ್ ಓಡಿಸಿ ಅಳೆದು ಸರಿಮಾಡಿಕೊಳ್ಳಿ.

ಈಗ ಕೊಠಡಿ. ಜಡ್ಜಿಂಗ್ ಅವಧಿ 30 ನಿಮಿಷ. ಪ್ರಾಜೆಕ್ಟ್ ಮಂಡನೆಗೆ 5, ಅದರ ಪ್ರಶ್ನೋತ್ತರಕ್ಕೆ 5, ರೋಬೋಟ್ ವಿವರಣೆಗೆ 5, ಅದರ ಪ್ರಶ್ನೋತ್ತರಕ್ಕೆ 5; ಮಿಕ್ಕದ್ದು ಕೋರ್ ವ್ಯಾಲ್ಯೂಸ್ ಮಾತು ಮತ್ತು ಜಡ್ಜ್‌ಗಳ ಅಭಿಪ್ರಾಯಕ್ಕೆ. ಅಂಕ ಹಾಕುವುದು ರೂಬ್ರಿಕ್ ಎಂಬ ಹಾಳೆಯ ಮೇಲೆ. ಪ್ರಾಜೆಕ್ಟ್‌ಗೂ ರೋಬೋಟ್‌ಗೂ ಶೀರ್ಷಿಕೆ ಒಂದೇ ಐದು: ಸಮಸ್ಯೆ ಗುರುತಿಸುವುದು, ವಿನ್ಯಾಸ, ತಯಾರಿ, ಮತ್ತೆಮತ್ತೆ ತಿದ್ದುವುದು, ತಿಳಿಸಿಹೇಳುವುದು. ಪ್ರತಿ ಸಾಲಿಗೂ 1ರಿಂದ 4. ನಾಲ್ಕು ಕೊಡಬೇಕಾದರೆ ಯಾಕೆ ಕೊಟ್ಟೆವೆಂದು ಜಡ್ಜ್ ಬರೆಯಲೇಬೇಕು. ಈ ಒಂದು ಷರತ್ತು ಚೆನ್ನಾಗಿದೆ. ಸುಮ್ಮನೆ ಇಷ್ಟವಾಯಿತೆಂದು 4 ಕೊಡಲು ಆಗುವುದಿಲ್ಲ; ಜೊತೆಗೆ, ಬರೆಯಲು ಯೋಗ್ಯವಾದ ಒಂದು ವಾಕ್ಯವನ್ನು ತಂಡವೇ ಒದಗಿಸಬೇಕಾಗುತ್ತದೆ.

ಮನ್ನಣೆ ಜಾರಿಹೋಗುವುದು ಇಲ್ಲಿ. ‘ನಾವು ತುಂಬಾ ಸಲ ಟೆಸ್ಟ್ ಮಾಡಿದ್ವಿ’ ಎಂಬ ಮಾತಿನಿಂದ ಜಡ್ಜ್‌ಗೆ ಬರೆಯಲು ಏನೂ ಸಿಗುವುದಿಲ್ಲ. ‘ಮೊದಲ ತೋಳು ಹತ್ತರಲ್ಲಿ ನಾಲ್ಕು ಸಲ ಕೊಕ್ಕೆ ಹಿಡೀತಿತ್ತು, ತುದಿ ಅಗಲ ಮಾಡಿದ ಮೇಲೆ ಹತ್ತರಲ್ಲಿ ಒಂಬತ್ತು’ ಎಂದು ಹೇಳಿ ಎರಡೂ ತೋಳು ಮೇಜಿನ ಮೇಲಿಟ್ಟರೆ ಸಿಗುತ್ತದೆ. ಇದಕ್ಕೆ ಬೇಕಾದದ್ದು ಒಂದು ನೂರು ಪುಟದ ನೋಟ್‌ಬುಕ್ ಮಾತ್ರ: ದಿನಾಂಕ, ಯಾವ ಓಟ, ಹತ್ತರಲ್ಲಿ ಎಷ್ಟು, ಏನು ಬದಲಿಸಿದೆವು, ಯಾರು ಮಾಡಿದರು. ಹಳೆಯ ಅಟ್ಯಾಚ್‌ಮೆಂಟ್ ಬಿಚ್ಚುವ ಮುನ್ನ ಒಂದು ಫೋಟೊ. ಸ್ಪರ್ಧೆಗೆ ವಾರವಿರುವಾಗ ನೆನಪಿನಿಂದ ಬರೆದ ನೋಟ್‌ಬುಕ್ ಬೇಗ ಗೊತ್ತಾಗುತ್ತದೆ: ಒಂದೇ ಪೆನ್ನು, ಒಂದೇ ಅಕ್ಷರ, ಒಂದೂ ಸೋಲಿಲ್ಲ.

ಕೋರ್ ವ್ಯಾಲ್ಯೂಸ್ ಅಂಕ ಆಕಾಶದಿಂದ ಬರುವುದಲ್ಲ. ಈಚಿನ ಸೀಸನ್‌ಗಳಲ್ಲಿ ಅದೇ ರೂಬ್ರಿಕ್‌ನಲ್ಲಿ ಗುರುತು ಹಾಕಿದ ಕೆಲವು ಸಾಲುಗಳಿಂದಲೂ, ಟೇಬಲ್ ಹತ್ತಿರ ರೆಫರಿ ಕೊಡುವ ಗ್ರೇಷಿಯಸ್ ಪ್ರೊಫೆಷನಲಿಸಂ ಅಂಕದಿಂದಲೂ ಅದು ಕೂಡುತ್ತದೆ. ಎಂಐಟಿಯ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಫಸ್ಟ್‌ಗೆ ಕೊಟ್ಟ ಮಾತು ಅದು; ಜೋರಾಗಿ ಸ್ಪರ್ಧಿಸು, ಎದುರಾಳಿಯನ್ನು ಗೌರವಿಸು ಎಂಬ ಭಾವ. ಪ್ರತಿ ಪಂದ್ಯಕ್ಕೆ 2, 3 ಅಥವಾ 4. ಪಕ್ಕದ ತಂಡದ ಕೇಬಲ್ ಕಿತ್ತಾಗ ತಮ್ಮದು ಕೊಟ್ಟವರು, ಸೋತ ಸುತ್ತಿನ ನಂತರ ಜೊತೆಯವನ ಮೇಲೆ ರೇಗದವರು ಇದರಲ್ಲಿ ಮುಂದೆ. ಗ್ಯಾಲರಿಯಿಂದ ಕೂಗಿ ಸೂಚನೆ ಕೊಡುವ ಅಪ್ಪಂದಿರು ಈ ಅಂಕಕ್ಕೆ ಏನೂ ಕೂಡಿಸುವುದಿಲ್ಲ ಎಂದು ನಯವಾಗಿ ಹೇಳಬಹುದು.

ಇನ್ನು ಎಲ್ಲರೂ ಪಿಸುಗುಡುವ ವಿಷಯ: ರೋಬೋಟ್ ಕಟ್ಟಿದ್ದು ಮಕ್ಕಳೇ? ನಿಯಮ ನೇರವಾಗಿದೆ, ಕೆಲಸ ಮಕ್ಕಳದ್ದು, ದೊಡ್ಡವರು ದಾರಿ ತೋರಿಸಬಹುದು. ಆದರೆ ದೊಡ್ಡವರೇ ಕಟ್ಟಿಕೊಡುವುದನ್ನು ತಡೆಯುವ ವ್ಯವಸ್ಥೆ ಯಾವುದೂ ಇಲ್ಲ. ತಂಡ ಸಿದ್ಧ ಗಾಡಿಯೊಂದಿಗೆ ಬರುತ್ತದೆ, ಮಿಷನ್‌ಗಳು ತಿಂಗಳುಗಟ್ಟಲೆ ಮುಂಚೆ ಗೊತ್ತಿರುತ್ತವೆ. ದುಡ್ಡು ಕೊಟ್ಟರೆ ಕಟ್ಟಿಕೊಡುವ ಕೋಚಿಂಗ್ ಇದ್ದಲ್ಲಿ ಟೇಬಲ್ ಅಂಕ ಕೊಳ್ಳುವುದು ಕಷ್ಟವೇನಲ್ಲ. ಸ್ಪರ್ಧೆ ನೆಚ್ಚಿಕೊಂಡಿರುವ ಏಕೈಕ ಜರಡಿ ಆ ಐದು ನಿಮಿಷದ ಪ್ರಶ್ನೋತ್ತರ. ಒಳ್ಳೆಯ ಜಡ್ಜ್ ಕೈಯಲ್ಲಿ ಅದು ಸಾಕಾಗುತ್ತದೆ. ‘ಈ 12 ಹಲ್ಲಿನ ಗೇರ್ 36 ಹಲ್ಲಿನದನ್ನು ತಿರುಗಿಸೋ ಹಾಗೆ ಯಾಕೆ ಇಟ್ರಿ?’ ಎಂದು ಕೇಳಿದಾಗ ಕಟ್ಟಿದವಳು ‘ಎತ್ತುವಾಗ ಮೋಟರ್ ನಿಂತುಹೋಗ್ತಿತ್ತು, ಈಗ ನಿಧಾನ ಆಗುತ್ತೆ ಆದ್ರೆ ಎತ್ತುತ್ತೆ’ ಅನ್ನುತ್ತಾಳೆ. ಕಟ್ಟದವನು ಟಾರ್ಕ್‌ನ ವ್ಯಾಖ್ಯೆ ಒಪ್ಪಿಸುತ್ತಾನೆ. ಕೋಡ್‌ನಲ್ಲಿ ಒಂದು ಸಾಲು ತೋರಿಸಿ ‘ಇದನ್ನ ತೆಗೆದ್ರೆ ಗಾಡಿ ಏನು ಮಾಡುತ್ತೆ?’ ಎಂಬುದೂ ಒಳ್ಳೆಯ ಪ್ರಶ್ನೆ. ಜಡ್ಜ್‌ಗಳು ಸ್ವಯಂಸೇವಕರು, ಎಲ್ಲರೂ ಹೀಗೆ ಕೇಳುವುದಿಲ್ಲ. ಕೇಳದ ಕೊಠಡಿಯಲ್ಲಿ ಚೆಂದದ ಪೋಸ್ಟರ್ ಗೆಲ್ಲುತ್ತದೆ. ಈ ಸ್ಪರ್ಧೆಯ ದೊಡ್ಡ ದೌರ್ಬಲ್ಯ ಇದೇ.

ವಯಸ್ಸಿನ ಅಂತರವೂ ಸಣ್ಣದಲ್ಲ. ಅಮೆರಿಕದಲ್ಲಿ ಈ ವಿಭಾಗ 14ಕ್ಕೆ ಮುಗಿಯುತ್ತದೆ. ಇಲ್ಲಿ 16ರ ತನಕ ಇರುವುದರಿಂದ ನಾಲ್ಕನೇ ಕ್ಲಾಸಿನ ತಂಡವೂ ಹತ್ತನೇ ಕ್ಲಾಸಿನ ತಂಡವೂ ಒಂದೇ ಪಟ್ಟಿಯಲ್ಲಿ.

ಭಾಷೆಯ ಬಗ್ಗೆ ಕನ್ನಡ ಮಾಧ್ಯಮದ ಶಾಲೆಗಳು ತಿಳಿದಿರಬೇಕಾದದ್ದು: ರೂಬ್ರಿಕ್‌ನಲ್ಲಿ ಇಂಗ್ಲಿಷ್‌ಗೆ ಒಂದೂ ಅಂಕವಿಲ್ಲ. ತಿಳಿಸಿಹೇಳುವ ಸಾಲು ಇದೆ, ಯಾವ ಭಾಷೆಯಲ್ಲಿ ಎಂದಿಲ್ಲ. ಆದರೂ ಕೊಠಡಿಯಲ್ಲಿ ಇಂಗ್ಲಿಷ್ ಓಡುವಾಗ ‘ಗಾಡಿ ಬಲಕ್ಕೆ ಎಳೀತಿತ್ತು, ಅದಕ್ಕೆ ಗೈರೊ ನೋಡ್ಕೊಂಡು ಸರಿ ಮಾಡಿದ್ವಿ’ ಎಂದು ಪೂರ್ತಿ ಉತ್ತರ ಗೊತ್ತಿರುವ ಹುಡುಗ ‘ಗೈರೊ... ಕರೆಕ್ಷನ್...’ ಅಂದು ನಿಲ್ಲಿಸುತ್ತಾನೆ, 3 ಸಿಗಬೇಕಾದಲ್ಲಿ 2 ಬೀಳುತ್ತದೆ. ನೋಂದಣಿ ಮಾಡುವಾಗಲೇ ಕನ್ನಡ ಬಲ್ಲ ಜಡ್ಜ್ ಬೇಕೆಂದು ಸಂಘಟಕರಿಗೆ ಬರೆದು ಕೇಳಿ. ಸ್ಪರ್ಧೆಯ ಬೆಳಗ್ಗೆ ಕೇಳಿದರೆ ತಡವಾಯಿತು. ಮಂಡನೆ ಇಂಗ್ಲಿಷ್‌ನಲ್ಲಿ ಬಾಯಿಪಾಠ ಮಾಡಿಸಿ ಪ್ರಶ್ನೋತ್ತರ ಕನ್ನಡದಲ್ಲಿ ಎಂಬ ಅರೆಬರೆ ಉಪಾಯ ಬೇಡ. ಬಾಯಿಪಾಠದ ಇಂಗ್ಲಿಷ್ ಕೇಳಿದ ಮೇಲೆ ತೊದಲುವ ಪ್ರಶ್ನೋತ್ತರ ಬಂದರೆ, ದೊಡ್ಡವರು ಮಾಡಿಕೊಟ್ಟಿದ್ದಾರೆ ಎಂಬ ಅನುಮಾನ ಸಲ್ಲದ ತಂಡದ ಮೇಲೆ ಬೀಳುತ್ತದೆ.

ಪ್ರಶಸ್ತಿ ಹಂಚಿಕೆಯಲ್ಲೂ ಒಂದು ಒಳಸುಳಿ ಇದೆ. ಟೇಬಲ್ ಅಂಕಕ್ಕೆ ಕೊಡುವ ರೋಬೋಟ್ ಪರ್ಫಾರ್ಮೆನ್ಸ್ ಪ್ರಶಸ್ತಿ ಬಿಟ್ಟರೆ ಒಂದು ತಂಡಕ್ಕೆ ಒಂದೇ ಪ್ರಶಸ್ತಿ. ಚಾಂಪಿಯನ್ಸ್ ಗೆದ್ದ ತಂಡವೇ ಪ್ರಾಜೆಕ್ಟ್‌ನಲ್ಲೂ ಮೊದಲಿದ್ದರೆ, ಇನ್ನೊವೇಶನ್ ಪ್ರಾಜೆಕ್ಟ್ ಕಪ್ ಎರಡನೆಯವರಿಗೆ ಹೋಗುತ್ತದೆ. ಕಪ್‌ಗಳು ಹೆಚ್ಚು ಮಕ್ಕಳ ಕೈ ಸೇರುವುದು ಒಳ್ಳೆಯದೇ. ಆದರೆ ಅದನ್ನು ವೇದಿಕೆಯ ಮೇಲೆ ಒಂದು ವಾಕ್ಯದಲ್ಲಿ ಹೇಳದಿದ್ದರೆ ಪಟ್ಟಿ ಯಾರಿಗೂ ಅರ್ಥವಾಗುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ ಮ್ಯಾಟ್ ಮೇಲಿನ ನ್ಯಾಯವೆಲ್ಲ ಮಂಕಾಗುತ್ತದೆ. ಕಿಟ್ ಹಲವು ವರ್ಷ ಬರುತ್ತದೆ, ಆದರೆ ಮ್ಯಾಟ್ ಮತ್ತು ಮಾಡೆಲ್‌ಗಳ ಸೆಟ್ ಪ್ರತಿ ಸೀಸನ್‌ಗೂ ಹೊಸದು. 2023-24ರ ಮಾಸ್ಟರ್‌ಪೀಸ್ ಸೆಟ್ 2024-25ರ ಸಬ್‌ಮರ್ಜ್ಡ್‌ಗೆ ಬರುವುದಿಲ್ಲ. ಇದರ ಮೇಲೆ ನೋಂದಣಿ, ಟೇಬಲ್, ಪ್ರಯಾಣ. ಇನ್ನೂ ಕಸಿವಿಸಿಯ ಸಂಗತಿ ಏನೆಂದರೆ, ರೋಬೋಟ್ ಮತ್ತು ಅಟ್ಯಾಚ್‌ಮೆಂಟ್ ಪೂರ್ತಿ ಲೆಗೊ ತಯಾರಿಕೆಯದ್ದೇ ಆಗಿರಬೇಕು, ಕತ್ತರಿಸಬಾರದು, ಅಂಟಿಸಬಾರದು. ಲೆಗೊ ದಾರ ಮತ್ತು ಟ್ಯೂಬ್ ಕತ್ತರಿಸಲು ಮಾತ್ರ ವಿನಾಯಿತಿ. ನಮ್ಮ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. ಕೇಂದ್ರದ ಅಟಲ್ ಇನ್ನೊವೇಶನ್ ಮಿಷನ್ ಒಂದು ಲ್ಯಾಬ್‌ಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಡುವ ಯೋಜನೆ ಅದು. ಅಲ್ಲಿನ ಆರ್ಡುಯಿನೊ ಬೋರ್ಡ್, ಸೆನ್ಸರ್, ತ್ರಿಡಿ ಪ್ರಿಂಟರ್ ಯಾವುದೂ ಈ ಸ್ಪರ್ಧೆಯ ಗಾಡಿಗೆ ನಡೆಯುವುದಿಲ್ಲ. ಪ್ರಾಜೆಕ್ಟ್ ಮಾದರಿಗೆ ಬಳಸಬಹುದು, ಅಷ್ಟು ಸಮಾಧಾನ.

ಅಂಥ ಲ್ಯಾಬ್ ಇರುವ, ಲೆಗೊ ಇಲ್ಲದ ಪ್ರೌಢಶಾಲೆ ಇನ್ನೊಂದು ಅಂತಾರಾಷ್ಟ್ರೀಯ ಸ್ಪರ್ಧೆಯಾದ ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನ ಫ್ಯೂಚರ್ ಇಂಜಿನಿಯರ್ಸ್ ವಿಭಾಗ ನೋಡುವುದು ವಾಸಿ. ತಾನೇ ಓಡುವ ಕಾರು ಕಟ್ಟಬೇಕು, ಯಂತ್ರಾಂಶದ ಆಯ್ಕೆ ಮುಕ್ತ, ವಯಸ್ಸು ಕನಿಷ್ಠ 14 ಆಗಿರಬೇಕು. ಅದೇ ಒಲಿಂಪಿಯಾಡ್‌ನ ರೋಬೋಮಿಷನ್ ವಿಭಾಗದಲ್ಲಿ ದೊಡ್ಡವರ ಕೈವಾಡಕ್ಕೆ ಒಳ್ಳೆಯ ಮದ್ದೂ ಇದೆ: ಸ್ಪರ್ಧೆಯ ದಿನವೇ ಒಂದು ಸರ್‌ಪ್ರೈಸ್ ರೂಲ್ ಪ್ರಕಟಿಸುತ್ತಾರೆ, ಕೋಚ್ ತಂಡದ ಜಾಗಕ್ಕೆ ಬರುವಂತಿಲ್ಲ. ಲೆಗೊ ಲೀಗ್ ಇಂಥದ್ದೊಂದನ್ನು ಎರವಲು ಪಡೆದರೆ ಟೇಬಲ್ ಅಂಕಕ್ಕೆ ಬೆಲೆ ಹೆಚ್ಚುತ್ತಿತ್ತು. ಆದರೆ ಮಾತು ಕಡಿಮೆಯ, ಪ್ರಾಜೆಕ್ಟ್ ಕೆಲಸದಲ್ಲಿ ಜಾಣರಾದ ಮಕ್ಕಳಿಗೆ, ಹತ್ತು ಜನರ ತಂಡದಲ್ಲಿ ಎಲ್ಲರಿಗೂ ಒಂದು ಕೆಲಸ ಹುಟ್ಟಿಸುವುದಕ್ಕೆ ಲೆಗೊ ಲೀಗ್‌ನಷ್ಟು ಅವಕಾಶ ಅಲ್ಲಿಲ್ಲ. ಅಲ್ಲಿ ತಂಡವೆಂದರೆ ಇಬ್ಬರು ಅಥವಾ ಮೂವರು.

ಸೇರುವುದೆಂದು ತೀರ್ಮಾನಿಸಿದರೆ ಅಕ್ಕಪಕ್ಕದ ಎರಡು ಶಾಲೆ ಒಂದು ಟೇಬಲ್, ಒಂದು ಮಾಡೆಲ್ ಸೆಟ್ ಹಂಚಿಕೊಳ್ಳಿ. ಉಳಿದ ದುಡ್ಡಿಗೆ ಎಕ್ಸ್‌ಪ್ಯಾನ್ಶನ್ ಸೆಟ್ ತನ್ನಿ. ಮೊದಲ ವರ್ಷ ಎಲ್ಲ ಮಿಷನ್‌ಗೂ ಕೈ ಹಾಕದೆ, ಹೋಮ್‌ಗೆ ಹತ್ತಿರದ ಐದಾರನ್ನು ಹತ್ತಕ್ಕೆ ಒಂಬತ್ತು ಸಲ ಆಗುವ ತನಕ ಪಳಗಿಸಿ.

ಸ್ಪರ್ಧೆ ಮುಗಿದ ಮೇಲೆ ಜಡ್ಜ್‌ಗಳು ತುಂಬಿದ ರೂಬ್ರಿಕ್ ತಂಡಕ್ಕೆ ಸಿಗುತ್ತದೆ. ಕಟ್ಟಿದ ಫೀಸಿಗೆ ಬರುವ ಅತಿ ಬೆಲೆಬಾಳುವ ಕಾಗದ ಅದೇ, ಬಹಳ ಶಾಲೆಗಳಲ್ಲಿ ಅದು ಮೇಲ್‌ನಲ್ಲೇ ಉಳಿಯುತ್ತದೆ. ಪ್ರಿಂಟ್ ತೆಗೆದು 2 ಬಿದ್ದ ಸಾಲುಗಳಿಗೆ ಗುರುತು ಹಾಕಿಸಿ, ಒಂದೊಂದಕ್ಕೂ ಮಕ್ಕಳಿಂದಲೇ ಬರೆಸಿ: ಮಾಡಿರಲಿಲ್ಲವೋ, ಮಾಡಿಯೂ ಹೇಳಲಿಲ್ಲವೋ. ಎರಡನೆಯ ಬಗೆಯವು ಹೆಚ್ಚಿದ್ದರೆ ಮುಂದಿನ ಸೀಸನ್‌ಗೆ ಹೊಸ ಕಿಟ್ ಬೇಕಿಲ್ಲ, ಪ್ರಶ್ನೋತ್ತರದ ಅಭ್ಯಾಸ ಬೇಕು. ಹದಿನೈದು ದಿನವಾದರೂ ಹಾಳೆ ಬರದಿದ್ದರೆ ತಂಡದ ಸಂಖ್ಯೆ ಬರೆದು ಸಂಘಟಕರಿಗೆ ಮೇಲ್ ಹಾಕಿ ಕೇಳಿ.